ಒದ್ದೆ ಬೆಳಗ್ಗೆ ಮಾತ್ರ ಗಾಳಿಯ ದಿಕ್ಕು ತಪ್ಪುತ್ತಿದೆ. ಬೆಸುಗೆಯ ತೊಂದರೆಯಾ?

ಮೋಡಗಾವಲು

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಟ್ಟಿರುವ ಹವಾಮಾನ ಕೇಂದ್ರದಲ್ಲಿ ಒಂದು ವಿಚಿತ್ರ ಸಮಸ್ಯೆ ಬಂದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಲಕ್ಷಣ ಪೂರ್ತಿ ಹೇಳದಿದ್ದರೆ ನಿಮಗೂ ಅಂದಾಜು ಸಿಗುವುದಿಲ್ಲ.

ಬೋರ್ಡ್‌ಗೆ ಬೆಸುಗೆ ಹಾಕಿದ್ದು ನಾನೇ. ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ ಇಎಸ್‌ಪಿ32 ಇದೆ. ಉಷ್ಣಾಂಶ, ತೇವಾಂಶ, ಒತ್ತಡಕ್ಕೆ ಬಿಎಂಇ280. ಅದು ಬೋರ್ಡ್ ಮೇಲಿಲ್ಲ, ವೈರ್ ಎಳೆದು ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ. ಮಳೆಗೆ ನೀರು ತುಂಬಿದಾಗ ಮಗುಚುವ ಟಿಪ್ಪಿಂಗ್ ಬಕೆಟ್, ಗಾಳಿಯ ವೇಗಕ್ಕೆ ಮೂರು ಬಟ್ಟಲು, ದಿಕ್ಕಿಗೆ ಗಾಳಿಬಾಣ. ಬಾಣದೊಳಗೆ ಎಂಟು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿಕೊಳ್ಳುವ ಸ್ವಿಚ್), ಬೇರೆ ಬೇರೆ ಬೆಲೆಯ ಎಂಟು ರೆಸಿಸ್ಟರ್. ಅಯಸ್ಕಾಂತ ಎರಡರ ನಡುವೆ ಬಂದಾಗ ಎರಡೂ ಸ್ವಿಚ್ ಮುಚ್ಚಿಕೊಳ್ಳುತ್ತವೆ, ಹಾಗಾಗಿ ಒಟ್ಟು 16 ದಿಕ್ಕು ಸಿಗುತ್ತದೆ. ತುಂಬಾ ಜನ ಬಳಸುವ ಮಾಮೂಲಿ ಕಿಟ್ ಅದು. 3.3 ವೋಲ್ಟ್‌ನಿಂದ 10 ಕಿಲೋಓಮ್ ಮೂಲಕ ಬಾಣಕ್ಕೆ, ಅಲ್ಲಿಂದ ಗ್ರೌಂಡಿಗೆ. ನಡುವಿನ ವೋಲ್ಟೇಜನ್ನು ಇಎಸ್‌ಪಿ32 ಓದುತ್ತದೆ.

ಒಣ ಹವೆಯಲ್ಲಿ ಎಲ್ಲಾ ಸರಿ. ಇಬ್ಬನಿ ಬಿದ್ದ ಬೆಳಗ್ಗೆ ಅಥವಾ ರಾತ್ರಿಯೆಲ್ಲಾ ಮಳೆ ಬಂದ ಮೇಲೆ ಹೀಗಾಗುತ್ತದೆ: ಬಾಣ ಪಶ್ಚಿಮಕ್ಕಿದ್ದರೆ ವಾಯವ್ಯ ಅಂತ ದಾಖಲಾಗುತ್ತದೆ. ವಾಯವ್ಯಕ್ಕಿದ್ದರೆ ಪಶ್ಚಿಮ-ವಾಯವ್ಯ ಅಂತ ಬರುತ್ತದೆ. ಉತ್ತರಕ್ಕಿದ್ದಾಗ ಒಮ್ಮೆ ಉತ್ತರ, ಒಮ್ಮೆ ಉತ್ತರ-ವಾಯವ್ಯ ಅಂತ ಅದಲು ಬದಲು. ಪೂರ್ವ, ಆಗ್ನೇಯ, ದಕ್ಷಿಣ ಮಾತ್ರ ಯಾವತ್ತೂ ತಪ್ಪಿಲ್ಲ. ಬಿಸಿಲು ಏರಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ.

ಭೂತಗನ್ನಡಿ ಹಿಡಿದು ಎಲ್ಲಾ ಬೆಸುಗೆ ನೋಡಿದ್ದೇನೆ. ಹೊಳಪಿದೆ, ಪ್ಯಾಡಿಗೆ (ಬೋರ್ಡಿನ ತಾಮ್ರದ ಚುಕ್ಕಿಗೆ) ಚೆನ್ನಾಗಿ ಹರಡಿದೆ, ಎಲ್ಲೂ ಪಕ್ಕದ ಪಿನ್ನಿಗೆ ಅಂಟಿಲ್ಲ. ತೊಂದರೆ ಬಾಣದ್ದಾ, ಕೋಡ್‌ದಾ, ಬೆಸುಗೆಯದ್ದಾ?

ಅಂಕಿಯಾಟ

ನನಗೆ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಮೇಲೆ ಅನುಮಾನ. ಇಎಸ್‌ಪಿ32ರ ಎಡಿಸಿ ಮೇಲ್ತುದಿಯಲ್ಲಿ ನೇರ ರೇಖೆಯಲ್ಲಿ ಓದುವುದಿಲ್ಲ. ಸುಮಾರು 2.45 ವೋಲ್ಟ್ ದಾಟಿದ ಮೇಲೆ ಅದನ್ನು ನಂಬುವುದು ಕಷ್ಟ. ನಿಮ್ಮ ಕಿಟ್ಟಿನಲ್ಲಿ ಪಶ್ಚಿಮಕ್ಕೆ 120 ಕಿಲೋಓಮ್, ಅಂದರೆ 3.05 ವೋಲ್ಟ್. ವಾಯವ್ಯಕ್ಕೆ 64.9 ಕಿಲೋಓಮ್, 2.86 ವೋಲ್ಟ್. ತಪ್ಪುವ ದಿಕ್ಕುಗಳೆಲ್ಲಾ ಮೇಲ್ತುದಿಯಲ್ಲೇ ಇವೆ, ಗಮನಿಸಿ. ಎಡಿಎಸ್1115 ಅನ್ನುವ ಬೇರೆ ಎಡಿಸಿ ಚಿಪ್ ಹಾಕಿ ನೋಡಿ, ಅದು 16 ಬಿಟ್‌ನದ್ದು.

ಬೆಸುಗೆಮನೆ

ಅಂಕಿಯಾಟ ಅವರು ಎಡಿಸಿ ಬಗ್ಗೆ ಹೇಳಿದ್ದು ನಿಜ. ಹೊಸದಾಗಿ ಕಟ್ಟುವವರು ಈ ಕೆಲಸಕ್ಕೆ ಬೇರೆ ಎಡಿಸಿ ಹಾಕುವುದೇ ಒಳ್ಳೆಯದು. ಆದರೆ ಎಡಿಸಿಯ ವಕ್ರತೆ ಒಣ ದಿನವೂ ಇರಬೇಕಲ್ವಾ? ಮೋಡಗಾವಲು ಅವರಿಗೆ ಒಣ ದಿನ ಹದಿನಾರೂ ದಿಕ್ಕು ಸರಿಯಾಗಿ ಬರುತ್ತಿದೆ. ತೇವ ಬಂದಾಗ ಮಾತ್ರ ತಪ್ಪುತ್ತಿದೆ. ಹಾಗಾಗಿ ತೇವ ಏನನ್ನು ಬದಲಿಸುತ್ತಿದೆ ಅಂತ ಹುಡುಕಬೇಕು.

ಓಮ್‌ಲೆಕ್ಕ

ಲಕ್ಷಣ ಇಷ್ಟು ಸ್ಪಷ್ಟವಾಗಿ ಬರೆದಿದ್ದಕ್ಕೆ ಧನ್ಯವಾದ. ಇದರಲ್ಲೇ ಉತ್ತರ ಅಡಗಿದೆ ಅನಿಸುತ್ತಿದೆ.

ಬಾಣದ ಎರಡು ತಂತಿಗಳ ನಡುವೆ ಎಲ್ಲೋ ಒಂದು ಸಣ್ಣ ಸೋರಿಕೆ ಇದೆ ಅಂತ ಇಟ್ಟುಕೊಳ್ಳೋಣ. ಶಾರ್ಟ್ ಅಲ್ಲ. ಕಣ್ಣಿಗೆ ಕಾಣದ, ದೊಡ್ಡ ಬೆಲೆಯ ಒಂದು ರೆಸಿಸ್ಟರ್ ಪಕ್ಕದಲ್ಲಿ ಬಂದು ಕೂತಂತೆ. ಅದು 140 ಕಿಲೋಓಮ್ ಅಂತ ಊಹಿಸಿ ಲೆಕ್ಕ ಹಾಕಿದೆ.

ಪಶ್ಚಿಮ: 120 ಕಿಲೋಓಮ್‌ಗೆ 140 ಸಮಾನಾಂತರ. ಸಿಗುವುದು 64.6. ವಾಯವ್ಯದ ಬೆಲೆ 64.9. ಪಶ್ಚಿಮ ವಾಯವ್ಯವಾಯಿತು.

ವಾಯವ್ಯ: 64.9ಕ್ಕೆ 140 ಸೇರಿದರೆ 44.3. ಪಶ್ಚಿಮ-ವಾಯವ್ಯದ ಬೆಲೆ 42.12. ನಿಮ್ಮ ಕೋಡ್ ಹತ್ತಿರದ ಬೆಲೆಯನ್ನೇ ಆರಿಸುತ್ತದೆ, ಹಾಗಾಗಿ ಅಲ್ಲಿಗೇ ಬೀಳುತ್ತದೆ.

ಉತ್ತರ: 33ಕ್ಕೆ 140 ಸೇರಿದರೆ 26.7. ಉತ್ತರದ 33ಕ್ಕೂ ಉತ್ತರ-ವಾಯವ್ಯದ 21.88ಕ್ಕೂ ವೋಲ್ಟೇಜ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ನಟ್ಟನಡುವೆ. ಅದಕ್ಕೇ ಅದಲು ಬದಲು.

ಪೂರ್ವ: 1 ಕಿಲೋಓಮ್‌ಗೆ 140 ಸೇರಿದರೆ 0.993. ಬದಲಾವಣೆ ಗೊತ್ತೇ ಆಗುವುದಿಲ್ಲ. ಆಗ್ನೇಯ 2.2, ದಕ್ಷಿಣ 3.9. ಅವಕ್ಕೂ ಹಾಗೆಯೇ.

ಅಂದರೆ ದೊಡ್ಡ ರೆಸಿಸ್ಟರ್ ಇರುವ ದಿಕ್ಕುಗಳು ಮಾತ್ರ ಕೆಡುತ್ತವೆ. ಇದು ಸರಿಯಿದ್ದರೆ ಇನ್ನೆರಡು ದಿಕ್ಕು ತಪ್ಪಬೇಕು. ಒದ್ದೆ ಬೆಳಗ್ಗೆ ಪಶ್ಚಿಮ-ವಾಯವ್ಯ ನಿಮಗೆ ನೇರ ಉತ್ತರ ಅಂತ ಕಾಣಬೇಕು. ನೈಋತ್ಯ ಪಶ್ಚಿಮ-ನೈಋತ್ಯ ಅಂತ ಬರಬೇಕು. ನೋಡಿ ಹೇಳಿ.

ಸೋರಿಕೆ ಬೋರ್ಡಿನದ್ದಾ, ಕೇಬಲ್‌ನದ್ದಾ ಅಂತ ಬೇರ್ಪಡಿಸಲು ಒಂದು ಸುಲಭ ದಾರಿ ಇದೆ. ಬಾಣದ ಕೇಬಲ್ ಟರ್ಮಿನಲ್‌ನಿಂದ ತೆಗೆಯಿರಿ. ಬೋರ್ಡಿಗೆ ಕರೆಂಟ್ ಕೊಡಿ. ಆ ಟರ್ಮಿನಲ್‌ಗೂ ಗ್ರೌಂಡಿಗೂ ನಡುವೆ ವೋಲ್ಟೇಜ್ ಅಳೆಯಿರಿ. ಏನೂ ಸಿಕ್ಕಿಸಿಲ್ಲ, ಹಾಗಾಗಿ 3.3 ಇರಬೇಕು. 140 ಕಿಲೋಓಮ್ ಸೋರಿಕೆ ಇದ್ದರೆ 3.08 ಬರುತ್ತದೆ. ಈಗ ಬೋರ್ಡ್ ಹತ್ತಿರ ಬಾಯಿ ತಂದು ನಿಧಾನವಾಗಿ ಉಸಿರು ಬಿಡಿ. ವೋಲ್ಟೇಜ್ ಇಳಿದು, ಒಣಗಿದಂತೆ ಮತ್ತೆ ಏರಿದರೆ ಕಳ್ಳ ಬೋರ್ಡಿನ ಮೇಲೇ ಇದ್ದಾನೆ. ಕರೆಂಟ್ ಆಫ್ ಮಾಡಿ ಓಮ್ ಅಳೆಯಲು ಹೋಗಬೇಡಿ. ಆಗ 10 ಕಿಲೋಓಮ್ ಮೂಲಕ ಬೋರ್ಡಿನ ಬೇರೆ ದಾರಿಗಳೆಲ್ಲಾ ಸೇರಿ ಅರ್ಥವಿಲ್ಲದ ಅಂಕಿ ತೋರಿಸುತ್ತವೆ.

ಮೋಡಗಾವಲು

ಓಮ್‌ಲೆಕ್ಕ ಅವರೇ, ಹಳೆಯ ದಾಖಲೆ ತೆಗೆದು ನೋಡಿದೆ. ಗಾಳಿ ಪಶ್ಚಿಮದ ಸುತ್ತ ಬೀಸುತ್ತಿದ್ದ ಬೆಳಗುಗಳಲ್ಲಿ ನಡುನಡುವೆ ಇದ್ದಕ್ಕಿದ್ದಂತೆ ಉತ್ತರ ಅಂತ ಬಂದಿದೆ. ಪ್ರತಿ ಸಲವೂ ಗಾಳಿ ಪಶ್ಚಿಮ-ವಾಯವ್ಯಕ್ಕೆ ತಿರುಗುವ ಹೊತ್ತಿನಲ್ಲೇ. ಗಾಳಿಯೇ ಹಾಗೆ ಸುತ್ತುತ್ತಿದೆ ಅಂದುಕೊಂಡಿದ್ದೆ. ನೈಋತ್ಯದ ಬಗ್ಗೆ ನೀವು ಹೇಳಿದ್ದೂ ಸರಿ.

ಕೇಬಲ್ ತೆಗೆದು ಅಳೆದೆ. ಒಣ ಬೋರ್ಡಿನಲ್ಲಿ 3.29. ಉಸಿರು ಬಿಟ್ಟ ತಕ್ಷಣ 3.1ರ ಹತ್ತಿರ ಇಳಿಯಿತು. ಆಮೇಲೆ ನಿಧಾನವಾಗಿ ಏರಿತು. ಹಾಗಾದರೆ ಬೋರ್ಡ್‌ದೇ. ಆದರೆ ಬೆಸುಗೆ ಎಲ್ಲೂ ಅಂಟಿಲ್ಲವಲ್ಲ? ಸೋರುವುದು ಯಾವುದರಲ್ಲಿ?

ಬೆಸುಗೆಮನೆ

ಫ್ಲಕ್ಸ್‌ನಲ್ಲಿ, ಅಂದರೆ ಬೆಸುಗೆ ಹಿಡಿಯಲು ಬಳಸುವ ರಾಸಾಯನಿಕದಲ್ಲಿ. ಯಾವ ಫ್ಲಕ್ಸ್ ಬಳಸಿದಿರಿ? ಬೆಸುಗೆ ತಂತಿಯೊಳಗೆ ಇರುವುದು ಮಾತ್ರವಾ, ಅಥವಾ ಹೊರಗಿನಿಂದಲೂ ಹಚ್ಚಿದಿರಾ?

ಮೋಡಗಾವಲು

ತಂತಿ ಒಳಗೆ ರೋಸಿನ್ (ಮರದ ರಾಳದ ಫ್ಲಕ್ಸ್) ಇರುವ ಮಾಮೂಲಿ 63/37, ಅಂದರೆ 63% ತವರ, 37% ಸೀಸ. ಸ್ಕ್ರೂ ಟರ್ಮಿನಲ್‌ಗಳ ದಪ್ಪ ಕಾಲುಗಳಿಗೆ ಬೆಸುಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಅಲ್ಲಿಗೆ ಪೆನ್ನಿನಲ್ಲಿ ಬರುವ ನೋ-ಕ್ಲೀನ್ ದ್ರವ ಫ್ಲಕ್ಸ್ ಹಚ್ಚಿದ್ದೆ. ತೊಳೆಯುವ ಅಗತ್ಯ ಇಲ್ಲ ಅಂತ ಅದರ ಮೇಲೇ ಬರೆದಿದೆ.

ಬೆಸುಗೆಮನೆ

ಅಲ್ಲೇ ಇದೆ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊರಗೆ ಇಡುವ ಬೋರ್ಡ್ ಮಾಡುವ ಎಲ್ಲರಿಗೂ ಇದು ಗೊತ್ತಿರಬೇಕು.

ತಾಮ್ರದ ಮೇಲೆ ಗಾಳಿಗೆ ಬೇಗ ಆಕ್ಸೈಡ್ ಪದರ ಕಟ್ಟುತ್ತದೆ. ಅದರ ಮೇಲೆ ಬೆಸುಗೆ ಹರಡುವುದಿಲ್ಲ. ಆ ಪದರವನ್ನು ಕರಗಿಸುವುದು ಫ್ಲಕ್ಸಿನ ಕೆಲಸ. ಹಾಗಾಗಿ ಫ್ಲಕ್ಸಿನಲ್ಲಿ ಆಮ್ಲ ಗುಣ ಇರಲೇಬೇಕು. ನೋ-ಕ್ಲೀನ್ ಫ್ಲಕ್ಸಿನಲ್ಲೂ ಸಣ್ಣ ಪ್ರಮಾಣದಲ್ಲಿ ಸಾವಯವ ಆಮ್ಲ ಇರುತ್ತದೆ. ಬೆಸುಗೆಯ ಪೂರ್ತಿ ಶಾಖ ತಾಗಿದಾಗ ಅದು ಬಹುಪಾಲು ಆವಿಯಾಗಿ ಅಥವಾ ಒಡೆದು ಹೋಗುತ್ತದೆ. ಉಳಿದದ್ದು ಗಟ್ಟಿ ರಾಳದೊಳಗೆ ಸಿಕ್ಕಿಕೊಂಡು ಸುಮ್ನೆ ಇರುತ್ತದೆ. ಆಗ ತೊಳೆಯಬೇಕಾಗಿಲ್ಲ. ಆ ಮಾತು ಸುಳ್ಳಲ್ಲ.

ಆದರೆ ಆ ಮಾತಿನ ಹಿಂದೆ ಒಂದು ಷರತ್ತು ಇದೆ. ಹಚ್ಚಿದ ಎಲ್ಲಾ ಫ್ಲಕ್ಸಿಗೂ ಶಾಖ ತಾಗಬೇಕು. ಕಾರ್ಖಾನೆಯಲ್ಲಿ ಇಡೀ ಬೋರ್ಡ್ ಬಿಸಿ ಒಲೆಯೊಳಗೆ ಹೋಗುತ್ತದೆ, ಎಲ್ಲಾ ಕಡೆ ಶಾಖ ಸಿಗುತ್ತದೆ. ಕೈ ಬೆಸುಗೆಯಲ್ಲಿ ಬಿಸಿಯಾಗುವುದು ಬೆಸುಗೆ ಐರನ್‌ನ ತುದಿ ಮುಟ್ಟಿದ ಪ್ಯಾಡ್ ಮಾತ್ರ. ಪೆನ್ನಿನಿಂದ ಹರಿದ ದ್ರವ ಪ್ಯಾಡ್ ದಾಟಿ ಸುತ್ತ ಹರಡುತ್ತದೆ. ತೂತಿನ ಮೂಲಕ ಮೇಲಕ್ಕೆ ಏರಿ ಟರ್ಮಿನಲ್‌ನ ಪ್ಲಾಸ್ಟಿಕ್ ಅಡಿಗೂ ಸೇರುತ್ತದೆ. ಅಲ್ಲಿ ಶಾಖವೇ ತಾಗಿಲ್ಲ. ಆಮ್ಲ ಹಾಗೇ ಉಳಿದಿದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತದೆ, ವಿದ್ಯುತ್ ಹರಿಯುತ್ತದೆ. ಬಿಸಿಲಿಗೆ ಒಣಗಿದರೆ ಮತ್ತೆ ನಿಲ್ಲುತ್ತದೆ. ನಿಮ್ಮ ಬಾಣದ ಸಿಗ್ನಲ್ ಮತ್ತು ಗ್ರೌಂಡ್ ಒಂದೇ ಟರ್ಮಿನಲ್‌ನಲ್ಲಿ ಅಕ್ಕಪಕ್ಕ ಇವೆ ಅಲ್ವಾ? ಸೋರಿಕೆ ಅಲ್ಲೇ.

ಇದನ್ನು ಹಾಗೇ ಬಿಟ್ಟರೆ ಅಳತೆ ತಪ್ಪುವುದಷ್ಟೇ ಅಲ್ಲ. ತೇವ, ಅಯಾನು, ವೋಲ್ಟೇಜ್ ಮೂರೂ ಒಟ್ಟಿಗೆ ಇದ್ದಾಗ ಪಾಸಿಟಿವ್ ಕಡೆಯ ಲೋಹ ನಿಧಾನವಾಗಿ ಕರಗಿ ನೆಗೆಟಿವ್ ಕಡೆ ಹೋಗಿ ಕೂರುತ್ತದೆ. ಕೂದಲಿಗಿಂತ ಸಪೂರವಾದ, ಕವಲೊಡೆದ ಎಳೆಗಳು ಬೆಳೆಯುತ್ತವೆ. ಎಳೆ ಆ ಕಡೆಯಿಂದ ಈ ಕಡೆಗೆ ಮುಟ್ಟಿದ ದಿನ ನಿಜವಾದ ಶಾರ್ಟ್ ಆಗುತ್ತದೆ.

ತಾಮ್ರತಂತಿ

ಒಂದು ಎಚ್ಚರಿಕೆ. ನೋ-ಕ್ಲೀನ್ ಫ್ಲಕ್ಸನ್ನು ಅರ್ಧಂಬರ್ಧ ತೊಳೆಯುವುದು ತೊಳೆಯದೇ ಇರುವುದಕ್ಕಿಂತ ಕೆಟ್ಟದ್ದು. ಆಮ್ಲವನ್ನು ಒಳಗೆ ಹಿಡಿದಿಟ್ಟಿರುವ ರಾಳ ಕರಗಿ ಹೋಗುತ್ತದೆ, ಆಮ್ಲ ಮಾತ್ರ ಬೋರ್ಡ್ ತುಂಬಾ ಹರಡುತ್ತದೆ. ಒಣಗಿದ ಮೇಲೆ ಬಿಳಿ ಪುಡಿ ಕಾಣುತ್ತದಲ್ಲ, ಅದೇ ಗುರುತು. ಹಾಗಾಗಿ ಮುಟ್ಟದೇ ಬಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಟರ್ಮಿನಲ್ ಸುತ್ತ ಬಿಸಿ ಗಾಳಿ ಹಾಯಿಸಿ ಉಳಿದ ಫ್ಲಕ್ಸನ್ನು ಬೇಯಿಸಿಬಿಟ್ಟರೆ ಸಾಕಾಗಬಹುದು.

ಬೆಸುಗೆಮನೆ

ಅರ್ಧ ತೊಳೆಯುವ ಅಪಾಯ ನೀವು ಹೇಳಿದ ಹಾಗೇ ಇದೆ. ಅದಕ್ಕೆ ಪೂರ್ತಿ ತೊಳೆಯಬೇಕು. ಬಿಸಿ ಗಾಳಿಯ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಫ್ಲಕ್ಸ್ ಸತ್ತುಹೋಗುವಷ್ಟು ಶಾಖ ಕೊಟ್ಟರೆ ಟರ್ಮಿನಲ್‌ನ ಪ್ಲಾಸ್ಟಿಕ್ ಮೊದಲು ಮೆತ್ತಗಾಗುತ್ತದೆ. ಮನೆಯೊಳಗಿನ ಗಡಿಯಾರಕ್ಕೆ ತೊಳೆಯದೆ ಬಿಡಿ, ನಡೆಯುತ್ತದೆ. ವರ್ಷವಿಡೀ ಇಬ್ಬನಿ ಕುಡಿಯುವ ಬೋರ್ಡಿಗೆ, ಅದರಲ್ಲೂ 120 ಕಿಲೋಓಮ್ ಅಳೆಯುವ ದಾರಿಗೆ, ತೊಳೆಯಲೇಬೇಕು.

ಕ್ರಮ ಹೀಗೆ. 99% ಐಸೊಪ್ರೊಪೈಲ್ ಆಲ್ಕೊಹಾಲ್ ತೆಗೆದುಕೊಳ್ಳಿ. 70%ದ್ದರಲ್ಲಿ ನೀರು ಜಾಸ್ತಿ, ರಾಳ ಸರಿಯಾಗಿ ಕರಗುವುದಿಲ್ಲ. ಬ್ಯಾಟರಿ ತೆಗೆದಿರಬೇಕು. ಐರನ್ ಆಫ್ ಆಗಿ ತಣ್ಣಗಾಗಿರಬೇಕು, ಏಕೆಂದರೆ ಈ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ. ಗಟ್ಟಿ ಕೂದಲಿನ ಸಣ್ಣ ಬ್ರಷ್‌ನಿಂದ ಉಜ್ಜಿ. ಈಗ ಫ್ಲಕ್ಸ್ ಆಲ್ಕೊಹಾಲಿನಲ್ಲಿ ಕರಗಿದೆ, ಆದರೆ ಬೋರ್ಡ್ ಬಿಟ್ಟು ಹೋಗಿಲ್ಲ. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ. ಕೊಳೆ ಒಣಗುವ ಮೊದಲೇ ಬೋರ್ಡನ್ನು ಓರೆ ಹಿಡಿದು ಹೊಸ ಆಲ್ಕೊಹಾಲ್ ಸುರಿದು ಹರಿಸಿ. ನೂಲು ಬಿಡದ ಬಟ್ಟೆಯಿಂದ ಒತ್ತಿ ಹೀರಿಸಿ. ಮತ್ತೊಮ್ಮೆ ಹೊಸದಾಗಿ ಹರಿಸಿ. ಟರ್ಮಿನಲ್ ಅಡಿಗೆ ಬ್ರಷ್ ಹೋಗುವುದಿಲ್ಲ. ಆ ಭಾಗವನ್ನು ಆಲ್ಕೊಹಾಲಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು ಅಲ್ಲಾಡಿಸಿ.

ನೀರಿನಲ್ಲಿ ಕರಗುವ ಫ್ಲಕ್ಸ್ ಬಳಸಿದವರು ಬಿಸಿ ನೀರಿನಲ್ಲೇ ತೊಳೆಯಬೇಕು, ಅದೂ ಕೆಲಸ ಮುಗಿದ ತಕ್ಷಣ. ಅದು ತೀರಾ ಚುರುಕು. ಪೈಪ್ ಕೆಲಸದ ಜಿಂಕ್ ಕ್ಲೋರೈಡ್ ಫ್ಲಕ್ಸನ್ನಂತೂ ಬೋರ್ಡ್ ಹತ್ತಿರವೂ ತರಬೇಡಿ.

ಚಿಗುರು

ನಾನು ಇನ್ನೂ ಶುರು ಮಾಡಿಲ್ಲ. ಇದನ್ನೆಲ್ಲಾ ಓದಿ ಸ್ವಲ್ಪ ಭಯವಾಯಿತು. ದಪ್ಪ ಕಾಲಿಗೆ ಹೊರಗಿನ ಫ್ಲಕ್ಸ್ ಇಲ್ಲದೆ ಬೆಸುಗೆ ಹಿಡಿಯುವುದು ಹೇಗೆ? ಐರನ್ ಎಷ್ಟು ಡಿಗ್ರಿ ಇಡಬೇಕು? ಸೀಸ ಇರುವ ತಂತಿ ತರಲಾ, ಇಲ್ಲದ್ದು ತರಲಾ?

ತಾಮ್ರತಂತಿ

ಭಯ ಬೇಡ, ಚಿಗುರು. ದಪ್ಪ ಕಾಲಿಗೆ ಡಿಗ್ರಿ ಜಾಸ್ತಿ ಮಾಡುವುದಕ್ಕಿಂತ ದೊಡ್ಡ ತುದಿ ಹಾಕುವುದು ಮುಖ್ಯ. ಸೂಜಿಯಂಥ ಚೂಪು ತುದಿಯಲ್ಲಿ ಶಾಖ ಇಳಿಯುವುದಿಲ್ಲ. ಉಳಿಯಂತೆ ಚಪ್ಪಟೆ ಇರುವ 2–3 ಮಿಲಿಮೀಟರ್ ತುದಿ ಹಾಕಿ. ತುದಿಯನ್ನು ಪ್ಯಾಡ್ ಮತ್ತು ಕಾಲು ಎರಡಕ್ಕೂ ಒಟ್ಟಿಗೆ ತಾಗಿಸಿ. ಒಂದೆರಡು ಸೆಕೆಂಡ್ ಬಿಟ್ಟು ಬೆಸುಗೆ ತಂತಿಯನ್ನು ಎದುರು ಕಡೆಯಿಂದ ಕೊಡಿ, ಐರನ್ ಮೇಲಲ್ಲ. ಕಾಲು ಸಾಕಷ್ಟು ಬಿಸಿಯಾಗಿದ್ದರೆ ತಾನೇ ಕರಗಿ ಸುತ್ತ ಹರಿಯುತ್ತದೆ. ಮೊದಲು ತಂತಿ ತೆಗೆಯಿರಿ, ಆಮೇಲೆ ಐರನ್. ಬೆಸುಗೆ ಗಟ್ಟಿಯಾಗುವ ತನಕ ಅಲ್ಲಾಡಿಸಬೇಡಿ.

ಗ್ರೌಂಡ್ ಪಿನ್ ಯಾವಾಗಲೂ ಹಟ ಮಾಡುತ್ತದೆ. ಅದರ ಹಿಂದೆ ಅಗಲವಾದ ತಾಮ್ರದ ಹಾಳೆ ಇರುತ್ತದೆ, ಶಾಖವೆಲ್ಲಾ ಅಲ್ಲಿಗೆ ಓಡುತ್ತದೆ. ಅಲ್ಲಿ ಒಂದೆರಡು ಸೆಕೆಂಡ್ ಜಾಸ್ತಿ ಕೊಡಿ.

63/37 ಬೆಸುಗೆ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ನಡುವೆ ಗಂಜಿಯಂಥ ಸ್ಥಿತಿ ಇಲ್ಲದ್ದರಿಂದ ಕಲಿಯುವವರಿಗೆ ಅನುಕೂಲ. ತುದಿ 320–340 ಡಿಗ್ರಿ ಇದ್ದರೆ ಸಾಕು. ಸೀಸವಿಲ್ಲದ ಎಸ್‌ಎಸಿ305 ಕರಗುವುದು 217–220ರಲ್ಲಿ. ಅದಕ್ಕೆ 350–370 ಬೇಕಾಗುತ್ತದೆ. ಗಟ್ಟಿಯಾದ ಮೇಲೆ ಸ್ವಲ್ಪ ಮಂಕಾಗಿ ಕಾಣುತ್ತದೆ. ಮಂಕು ಕಂಡ ಮಾತ್ರಕ್ಕೆ ಅದು ಕೆಟ್ಟ ಬೆಸುಗೆ ಅಲ್ಲ. ಹರಡಿದ ಅಂಚನ್ನು ನೋಡಿ. ಪ್ಯಾಡಿಗೆ ಇಳಿಜಾರಾಗಿ ಸೇರಿದ್ದರೆ ಸರಿ. ಗೋಲಿಯಂತೆ ಉಬ್ಬಿ ನಿಂತಿದ್ದರೆ ಒಳಗೆ ಹಿಡಿದಿಲ್ಲ.

ಬೆಸುಗೆಮನೆ

ಸೀಸದ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಬೆಸುಗೆಯ ಹೊಗೆಯಲ್ಲಿ ಬರುವುದು ಸೀಸವಲ್ಲ, ಸುಡುವ ರೋಸಿನ್. ಸೀಸ ಕುದಿಯಲು 1,700 ಡಿಗ್ರಿಗೂ ಮೇಲೆ ಬೇಕು. ಆದರೆ ರೋಸಿನ್ ಹೊಗೆ ಅಸ್ತಮಾ ತರುತ್ತದೆ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಸೀಸವಿಲ್ಲದ ತಂತಿಯಲ್ಲೂ ಈ ಹೊಗೆ ಇದೆ. ಮುಖದಿಂದ ಹೊಗೆ ದೂರ ಎಳೆಯುವ ಸಣ್ಣ ಫ್ಯಾನ್ ಇಟ್ಟುಕೊಳ್ಳಿ. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅದೇ ಮೇಜಿನಲ್ಲಿ ಊಟ ಮಾಡುವುದಾದರೆ, ಸೀಸವಿಲ್ಲದ್ದನ್ನೇ ಕಲಿಯಿರಿ ಅಂತ ನನ್ನ ಸಲಹೆ. ಸ್ವಲ್ಪ ಕಷ್ಟ, ಆದರೆ ಬರುತ್ತದೆ. ಎರಡನ್ನೂ ಒಂದೇ ಬೋರ್ಡಿನಲ್ಲಿ ಬೆರೆಸಬೇಡಿ.

ಹನಿಲೆಕ್ಕ

ತೊಳೆಯುವ ಮಾತು ಬಂದಿದ್ದಕ್ಕೆ ಜೋರಾಗಿ ಹೇಳುತ್ತೇನೆ: ತೇವಾಂಶದ ಸೆನ್ಸರನ್ನು ಆಲ್ಕೊಹಾಲಿನಲ್ಲಿ ತೊಳೆಯಬೇಡಿ! ಬಿಎಂಇ280ರ ಲೋಹದ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇದೆ. ಎಸ್‌ಎಚ್‌ಟಿ31 ಅನ್ನುವ ಇನ್ನೊಂದು ತೇವಾಂಶ ಸೆನ್ಸರಿನಲ್ಲೂ ಹಾಗೇ ಬಾಯಿ ತೆರೆದಿರುತ್ತದೆ. ಒಳಗೆ ಇರುವುದು ತೇವ ಹೀರುವ ತೆಳು ಪಾಲಿಮರ್ ಪದರ. ಫ್ಲಕ್ಸಿನ ಹೊಗೆ, ಕರಗಿದ ಕೊಳೆ, ಲೇಪನದ ಸ್ಪ್ರೇ ಯಾವುದು ಒಳಗೆ ಹೋದರೂ ಅಳತೆ ಕೆಡುತ್ತದೆ. ಪುಟ್ಟ ಬೋರ್ಡಿನ ಮೇಲೆ ಬರುವ ಸೆನ್ಸರಿಗೆ ಪಿನ್ ಹಾಕುವಾಗ ತೂತಿನ ಮೇಲೆ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ಟೇಪ್) ಅಂಟಿಸಿ. ಮುಗಿದ ಮೇಲೆ ತೆಗೆಯಲು ಮರೆಯಬೇಡಿ. ಅಲ್ಲಿಗೆ ತಂತಿಯೊಳಗಿನ ಫ್ಲಕ್ಸ್ ಮಾತ್ರ ಸಾಕು, ಹೊರಗಿನದ್ದು ಬೇಡ.

ಬೆಸುಗೆ ಹಾಕಿದ ತಕ್ಷಣ ತೇವಾಂಶ ಒಂದಿಷ್ಟು ತಪ್ಪು ತೋರಿಸಿದರೆ ಗಾಬರಿ ಬೇಡ. ಶಾಖಕ್ಕೆ ಆ ಪದರ ಒಣಗಿರುತ್ತದೆ. ಕೋಣೆಯ ಗಾಳಿಯಲ್ಲಿ ಕೆಲವು ದಿನ ಬಿಟ್ಟರೆ ನಿಧಾನವಾಗಿ ಮರಳುತ್ತದೆ. ಎಸ್‌ಎಚ್‌ಟಿ ಸರಣಿಗೆ ಸೆನ್ಸಿರಿಯಾನ್ ಕಂಪನಿ ಹೇಳುವ ಕ್ರಮವೂ ಇದೆ: 100–105 ಡಿಗ್ರಿಯಲ್ಲಿ 10 ಗಂಟೆ ಒಣಗಿಸಿ, ಆಮೇಲೆ 20–30 ಡಿಗ್ರಿಯಲ್ಲಿ ಸುಮಾರು 75% ತೇವಾಂಶದಲ್ಲಿ 12 ಗಂಟೆ ಇಡುವುದು. ಆ 75% ತರುವುದು ಸುಲಭ. ಅಡುಗೆ ಉಪ್ಪಿಗೆ ಸ್ವಲ್ಪ ನೀರು ಹಾಕಿ, ಕರಗದೆ ಉಳಿದ ಉಪ್ಪು ಕಾಣುವಂಥ ಕೆಸರು ಮಾಡಿ, ಮುಚ್ಚಿದ ಡಬ್ಬಿಯಲ್ಲಿ ಇಡಿ. 25 ಡಿಗ್ರಿಯಲ್ಲಿ ಒಳಗಿನ ಗಾಳಿ 75.3%ಕ್ಕೆ ನಿಲ್ಲುತ್ತದೆ. ಸೆನ್ಸರ್ ಕೆಸರಿಗೆ ತಾಗಬಾರದು. ಅಳತೆ ಸರಿಯಿದೆಯಾ ಅಂತ ನೋಡಲೂ ಇದೇ ಡಬ್ಬಿ ಸಾಕು.

ಇನ್ನೊಂದು. ಸೆನ್ಸರನ್ನು ಮುಖ್ಯ ಬೋರ್ಡಿಗೆ ನೇರವಾಗಿ ಬೆಸುಗೆ ಹಾಕಬೇಡಿ. 5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ಬಿಸಿಯಾಗುತ್ತದೆ, ಇಎಸ್‌ಪಿ32 ವೈಫೈ ಹಚ್ಚಿದಾಗ ಬಿಸಿಯಾಗುತ್ತದೆ, ಆ ಶಾಖ ಬೋರ್ಡಿನ ತಾಮ್ರದಲ್ಲಿ ಹರಿದು ಸೆನ್ಸರಿಗೆ ಬರುತ್ತದೆ. ಉಷ್ಣಾಂಶ ಜಾಸ್ತಿ, ತೇವಾಂಶ ಕಡಿಮೆ ತೋರಿಸುತ್ತದೆ. ಮೋಡಗಾವಲು ಅವರು ವೈರ್ ಎಳೆದು ಬೇರೆ ಗೂಡಿನಲ್ಲಿ ಇಟ್ಟಿದ್ದು ತುಂಬಾ ಸರಿ. ವೈರ್ ಸಪೂರ ಇದ್ದಷ್ಟು ಶಾಖ ಕಡಿಮೆ ಬರುತ್ತದೆ.

ಮೋಡಗಾವಲು

ತೊಳೆದೆ. ಮೊದಲು ಬ್ರಷ್‌ನಿಂದ ಉಜ್ಜಿ ಎರಡು ಸಲ ಹರಿಸಿ, ಪೂರ್ತಿ ಒಣಗಿಸಿ ಉಸಿರಿನ ಪರೀಕ್ಷೆ ಮಾಡಿದಾಗ 3.2ಕ್ಕೆ ಇಳಿಯಿತು. ಮೊದಲಿಗಿಂತ ವಾಸಿ, ಆದರೆ ಪೂರ್ತಿ ಅಲ್ಲ.

ಓಮ್‌ಲೆಕ್ಕ

3.2 ಅಂದರೆ ಸೋರಿಕೆ ಈಗ ಸುಮಾರು 320 ಕಿಲೋಓಮ್. ಇದರಲ್ಲೂ ಪಶ್ಚಿಮದ 120 ಹೋಗಿ 87 ಆಗುತ್ತದೆ. ಪಶ್ಚಿಮಕ್ಕೂ ವಾಯವ್ಯಕ್ಕೂ ನಡುವೆ ಒದ್ದಾಡುತ್ತದೆ. ಇನ್ನೂ ತೊಳೆಯಬೇಕು. ಉಳಿದಿರುವುದು ಟರ್ಮಿನಲ್ ಅಡಿಯಲ್ಲೇ ಇರಬೇಕು.

ಮೋಡಗಾವಲು

ಹೌದು. ಆ ಅಂಚನ್ನು ಆಲ್ಕೊಹಾಲಿನಲ್ಲಿ ಮುಳುಗಿಸಿಟ್ಟು, ಹೊಸದು ಬದಲಿಸಿ ಮತ್ತೆ ಮುಳುಗಿಸಿದೆ. ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಣಗಿಸಿದೆ. ಈಗ ಎಷ್ಟು ಉಸಿರು ಬಿಟ್ಟರೂ 3.29 ಕದಲುತ್ತಿಲ್ಲ! ಇವತ್ತು ಬೆಳಗ್ಗೆ ಡಬ್ಬಿಯ ಮುಚ್ಚಳದ ಒಳಗೆಲ್ಲಾ ಹನಿ ನಿಂತಿತ್ತು, ಗಾಳಿ ಪಶ್ಚಿಮದಿಂದಲೇ ಬೀಸುತ್ತಿತ್ತು, ದಾಖಲೆಯಲ್ಲೂ ಪಶ್ಚಿಮ ಅಂತಲೇ ಇದೆ. ಎಲ್ಲರಿಗೂ ತುಂಬಾ ಧನ್ಯವಾದ. ಓಮ್‌ಲೆಕ್ಕ ಅವರ ಆ ಲೆಕ್ಕ ಓದಿದಾಗ ನಿಜಕ್ಕೂ ಖುಷಿಯಾಯಿತು.

ಇನ್ನು ಬೋರ್ಡಿಗೆ ತೇವ ತಡೆಯುವ ಲೇಪನ ಹಾಕೋಣ ಅಂತಿದ್ದೇನೆ. ಏನು ಬಳಸಲಿ? ಒಬ್ಬರು ಹಾಟ್ ಗ್ಲೂ ಅಂದರು, ಇನ್ನೊಬ್ಬರು ಬಾತ್‌ರೂಮಿನ ಸಿಲಿಕೋನ್ ಅಂದರು.

ಬೆಸುಗೆಮನೆ

ಎರಡೂ ಬೇಡ. ಹಾಟ್ ಗ್ಲೂ ಬೋರ್ಡಿಗೆ ಗಟ್ಟಿಯಾಗಿ ಅಂಟುವುದಿಲ್ಲ. ಬಿಸಿಲಿಗೆ, ಚಳಿಗೆ ಅಂಚು ಬಿಡುತ್ತದೆ, ಆ ಸಂದಿನಲ್ಲಿ ನೀರು ನಿಲ್ಲುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ನೀವು ಕಷ್ಟಪಟ್ಟು ತೊಳೆದ ಬೋರ್ಡಿಗೆ ಮತ್ತೆ ಆಮ್ಲ ಹಚ್ಚಿದ ಹಾಗೆ, ತಾಮ್ರ ಹಸಿರಾಗುತ್ತದೆ. ಸಿಲಿಕೋನ್ ಬೇಕೇ ಬೇಕು ಅಂದರೆ ನ್ಯೂಟ್ರಲ್ ಕ್ಯೂರ್ (ಒಣಗುವಾಗ ಆ ಆಮ್ಲ ಬಿಡದ್ದು) ಅಂತ ಬರೆದಿರುವುದನ್ನು ನೋಡಿ ತನ್ನಿ.

ಬೋರ್ಡಿಗೆ ಅಂತಲೇ ಮಾಡಿದ ಅಕ್ರಿಲಿಕ್ ಲೇಪನ ಹಾಕಿ. ತೆಳುವಾಗಿ ಎರಡು ಸಲ, ನಡುವೆ ಒಣಗಲು ಬಿಟ್ಟು. ಕೆಲವದರಲ್ಲಿ ಯುವಿ ಬೆಳಕಿಗೆ ನೀಲಿ ಹೊಳೆಯುವ ಬಣ್ಣ ಬೆರೆಸಿರುತ್ತಾರೆ. ಎಲ್ಲಿ ಬಿಟ್ಟುಹೋಗಿದೆ ಅಂತ ಯುವಿ ಟಾರ್ಚ್ ಹಾಕಿ ನೋಡಬಹುದು, ತುಂಬಾ ಉಪಯೋಗ. ಕೊಳೆ ಇರುವ ಬೋರ್ಡಿನ ಮೇಲೆ ಲೇಪನ ಹಾಕಿದರೆ ಪ್ರಯೋಜನ ಇಲ್ಲ. ತೇವದ ಆವಿ ನಿಧಾನವಾಗಿ ಲೇಪನವನ್ನೂ ದಾಟುತ್ತದೆ, ಅಡಿಯಲ್ಲಿ ಫ್ಲಕ್ಸ್ ಇದ್ದರೆ ಅಲ್ಲೇ ಕೆಲಸ ಶುರು ಮಾಡುತ್ತದೆ. ನೀವು ತೊಳೆದಾಗಿದೆ, ಹಾಗಾಗಿ ಧೈರ್ಯವಾಗಿ ಹಾಕಿ.

ಹನಿಲೆಕ್ಕ

ಡಬ್ಬಿ ಎಷ್ಟೇ ಬಿಗಿ ಇರಲಿ, ಒಳಗೆ ಹನಿ ಕೂರುತ್ತದೆ. ಹಗಲು ಬಿಸಿಯಾಗಿ ಗಾಳಿ ಹೊರಹೋಗುತ್ತದೆ, ರಾತ್ರಿ ತಣ್ಣಗಾಗಿ ಒದ್ದೆ ಗಾಳಿಯನ್ನು ಒಳಗೆಳೆಯುತ್ತದೆ. ತಳದಲ್ಲಿ ಒಂದು ಸಣ್ಣ ತೂತು ಬಿಡಿ. ಕೇಬಲ್‌ಗಳು ತಳದಿಂದಲೇ ಒಳಬರಲಿ. ಒಳಬರುವ ಮೊದಲು ಕೆಳಗೆ ಒಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮಳೆಮಾಪಕದ ರೀಡ್ ಸ್ವಿಚ್ ಬದಲಿಸುವವರಿಗೂ ಒಂದು ಮಾತು. ಅದರ ಗಾಜಿನ ಕೊಳವೆ ಬಲು ಸೂಕ್ಷ್ಮ. ಕಾಲು ಬಗ್ಗಿಸುವಾಗ ಗಾಜಿನ ಪಕ್ಕ ಸಣ್ಣ ಇಕ್ಕಳದಲ್ಲಿ ಹಿಡಿದು, ಇಕ್ಕಳದ ಆಚೆ ಬಗ್ಗಿಸಿ. ಬೆಸುಗೆ ಹಾಕುವಾಗಲೂ ಇಕ್ಕಳ ಅಲ್ಲೇ ಇರಲಿ, ಶಾಖ ಹೀರಿಕೊಳ್ಳುತ್ತದೆ. ಕೂದಲೆಳೆಯ ಬಿರುಕು ಬಿದ್ದರೆ ಒಳಗೆ ತೇವ ಹೋಗಿ ಸಂಪರ್ಕ ಕೆಡುತ್ತದೆ. ಈ ಕಿಟ್ಟಿನಲ್ಲಿ ಬಕೆಟ್ ಒಂದು ಸಲ ಮಗುಚಿದರೆ 0.2794 ಮಿಲಿಮೀಟರ್ ಮಳೆ. ಸ್ವಿಚ್ ಒಂದೊಂದು ಸಲ ತಪ್ಪಿಸಿಕೊಂಡರೂ ದಿನದ ಮಳೆಯ ಲೆಕ್ಕ ಸದ್ದಿಲ್ಲದೆ ಕಡಿಮೆಯಾಗುತ್ತದೆ.

ತಾಮ್ರತಂತಿ

ಹೊರಗಿನ ಕೇಬಲ್ ಬಗ್ಗೆ ಚಿಗುರುಗೆ ಇನ್ನೊಂದು ಮಾತು. ಎಳೆಎಳೆ ಇರುವ ವೈರಿನ ತುದಿಗೆ ಬೆಸುಗೆ ತುಂಬಿಸಿ ಸ್ಕ್ರೂ ಟರ್ಮಿನಲ್‌ಗೆ ಹಾಕಬೇಡಿ. ಬೆಸುಗೆ ಮೆತ್ತಗಿನ ಲೋಹ, ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಿದು ಸಡಿಲವಾಗುತ್ತದೆ. ಮೇಲಾಗಿ ಬೆಸುಗೆ ಎಳೆಗಳ ನಡುವೆ ಮೇಲಕ್ಕೆ ಏರಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಗಾಳಿಗೆ ಅಲ್ಲಾಡಿ ವೈರ್ ತುಂಡಾಗುತ್ತದೆ. ತುದಿಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಸಣ್ಣ ಲೋಹದ ಕೊಳವೆ) ಹಾಕಿ ಒತ್ತಿ.

ಮೋಡಗಾವಲು

ಕೊನೆಯ ಪ್ರಶ್ನೆ. ಲೇಪನ ಹಾಕಿದ ಮೇಲೆ ಯಾವುದಾದರೂ ಭಾಗ ಬದಲಿಸಬೇಕಾದರೆ? ಟರ್ಮಿನಲ್‌ಗಳಿಗೂ ಹಾಕಬೇಕಾ?

ಬೆಸುಗೆಮನೆ

ಟರ್ಮಿನಲ್‌ನ ಸ್ಕ್ರೂ ಬಾಯಿ, ಯುಎಸ್‌ಬಿ ಸಾಕೆಟ್, ಸೆನ್ಸರ್ ಸಿಕ್ಕಿಸುವ ಪಿನ್, ಬಟನ್ ಇವಕ್ಕೆ ಹಾಕಬಾರದು. ಲೇಪನ ಒಳಗೆ ಹೋದರೆ ಸಂಪರ್ಕವೇ ಸಿಗುವುದಿಲ್ಲ. ಕ್ಯಾಪ್ಟಾನ್ ಟೇಪ್ ಅಂಟಿಸಿ ಮರೆ ಮಾಡಿ. ಸ್ಪ್ರೇ ಬದಲು ಸಣ್ಣ ಬ್ರಷ್‌ನಿಂದ ಬಳಿದರೆ ಇನ್ನೂ ಸುರಕ್ಷಿತ. ಟರ್ಮಿನಲ್‌ನ ಬೆಸುಗೆ ಬದಿಗೆ ಮಾತ್ರ ಚೆನ್ನಾಗಿ ಬಳಿಯಿರಿ, ನಿಮ್ಮ ಸೋರಿಕೆ ಇದ್ದದ್ದೇ ಅಲ್ಲಿ.

ಭಾಗ ಬದಲಿಸುವುದಕ್ಕೆ ಅಕ್ರಿಲಿಕ್ಕೇ ಅನುಕೂಲ. ಅದಕ್ಕೆ ಹೊಂದುವ ದ್ರಾವಕ ಹಚ್ಚಿದರೆ ಬಿಟ್ಟುಬರುತ್ತದೆ. ಮೊದಲು ಲೇಪನ ತೆಗೆದು, ಆಮೇಲೆ ಐರನ್ ಹಿಡಿಯಿರಿ. ಲೇಪನದ ಮೇಲೇ ಐರನ್ ಇಟ್ಟು ಸುಡಬೇಡಿ, ಹೊಗೆ ಒಳ್ಳೆಯದಲ್ಲ. ಕೆಲಸ ಮುಗಿದ ಮೇಲೆ ಆ ಜಾಗವನ್ನು ಮತ್ತೆ ತೊಳೆದು, ಉಸಿರು ಬಿಟ್ಟು ವೋಲ್ಟೇಜ್ ನೋಡಿ, ಆಮೇಲೆ ಹೊಸ ಲೇಪನ ಬಳಿಯಿರಿ.